ಮಗಳಿಗೆಂದು ತೆಗೆದಿಟ್ಟ ಹಿಟ್ಟು

ಆ ಹೋಟೆಲಿನಲ್ಲಿ ಇದ್ದ ಐದು ದಿನವೂ ನನ್ನ ಮಗಳು ನನ್ನನ್ನು ಮೇಡಂ ಎಂದು ಕರೆದಳು. ಅದು ಅಲ್ಲಿಯ ಕಾಯಿದೆ. ಕೋಣೆ ಹಿಡಿದು ಇಳಿದವರು ಗಂಡಸರಾದರೆ ಸರ್, ಹೆಂಗಸರಾದರೆ ಮೇಡಂ. ಹೆತ್ತವಳಿಗೆಂದು ಯಾರೂ ಬೇರೆ ಸಾಲು ಬರೆದಿಟ್ಟಿರಲಿಲ್ಲ. ನಾನು ಮೂರನೆಯ ಅಂತಸ್ತಿನಲ್ಲಿ, ನಾಲ್ಕು ಕಂಬದ ಮಂಚದ ಮೇಲೆ. ಅವಳು ಹಿತ್ತಲಿನ ನೌಕರರ ವಸತಿಯಲ್ಲಿ, ಆರು ಹುಡುಗಿಯರ ಜೊತೆ. ಅಡುಗೆಮನೆಯವರು ಅತಿಥಿಗಳ ಕೋಣೆಗೆ ಬರುವಂತಿಲ್ಲ, ಅತಿಥಿಗಳು ಅವರ ವಸತಿಗೆ ಹೋಗುವಂತಿಲ್ಲ. ಒಂದು ವರ್ಷದ ಮೇಲೆ ಮಗಳ ಮುಖ ನೋಡಿದವಳಿಗೆ ಕೊನೆಯ ದಿನದವರೆಗೂ ಅವಳ ತಲೆ ಸವರಲು ಜಾಗ ಸಿಗಲಿಲ್ಲ.

ನಾನು ವಾಡಿಯವಳು. ರೈಲಿನವರಿಗೆ ವಾಡಿ ಒಂದು ಜಂಕ್ಷನ್, ಬಸ್ಸಿನವರಿಗೆ ಸಿಮೆಂಟಿನ ಧೂಳು. ನನಗೆ ಅದು ಸ್ಟೇಷನ್ ರಸ್ತೆಯ ಒಂದು ತಗಡಿನ ಕೋಣೆ, ಎರಡು ಒಲೆ, ಮಾರುವ ರೊಟ್ಟಿ ಬಡಿಯಲು ಒಂದು ಶಹಾಬಾದಿ ಕಲ್ಲು. ಆ ಕಲ್ಲನ್ನು ನನ್ನ ಗಂಡನೇ ಪಾಲಿಶ್ ಮಾಡಿ ತಂದುಕೊಟ್ಟದ್ದು. ಶಹಾಬಾದಿನ ಫರಶಿ ಕಾರ್ಖಾನೆಯಲ್ಲಿ ಕಲ್ಲು ಉಜ್ಜುತ್ತಿದ್ದ ಮನುಷ್ಯ, ಕಲ್ಲಿನ ಪುಡಿ ಎದೆಗೆ ಇಳಿದು ತೀರಿಹೋದರು. ಆಗ ಮಗಳಿಗೆ ಐದು ವರ್ಷ. ನಾನು ಚಿತ್ತಾಪುರದ ಕಾಲೇಜಿನಲ್ಲಿ ಕನ್ನಡ ಓದಿ ಬಿ.ಎ. ಪಾಸಾದವಳು. ಆ ಸರ್ಟಿಫಿಕೇಟನ್ನು ಒಲೆಯ ಮೇಲಿನ ಗೋಡೆಗೆ ತೂಗುಹಾಕಿದ್ದೇನೆ. ರೊಟ್ಟಿ ಒಯ್ಯಲು ಬಂದವರು ಅದನ್ನು ಓದಿ ನನಗೆ ಒಂದು 'ರಿ' ಹೆಚ್ಚು ಹಚ್ಚಿ ಮಾತಾಡುತ್ತಾರೆ. ನನಗೂ ಅದು ಬೇಕು, ಸುಳ್ಳು ಯಾಕೆ ಹೇಳಲಿ.

ರೊಟ್ಟಿಯ ವಿಷಯದಲ್ಲಿ ನಾನು ಭಾರಿ ಜಂಬದ ಹೆಂಗಸು. ಬೀಸಿ ಎಂಟು ದಿನ ದಾಟಿದ ಹಿಟ್ಟನ್ನು ಮುಟ್ಟುವುದಿಲ್ಲ. ಜೋಳದ ಹಿಟ್ಟು ಗೋಧಿ ಹಿಟ್ಟಿನ ಹಾಗಲ್ಲ, ಅದರ ಜಿಗಿ ಹೊಸದರಲ್ಲಿ ಮಾತ್ರ. ಬೀಸಿ ತಂದ ಹಿಟ್ಟಿಗೆ ಕುದಿಯುವ ಎಸರು ಹೊಯ್ದು ನಾದಿದರೆ ಮುದ್ದೆ ಮಾತು ಕೇಳುತ್ತದೆ, ಎಷ್ಟು ತೆಳ್ಳಗೆ ಬಡಿದರೂ ಅಂಚು ಬಿರಿಯುವುದಿಲ್ಲ. ಹಳತಾದರೆ ಜಿಗಿ ಸತ್ತು, ಬಡಿದಲ್ಲೆಲ್ಲ ಬಾಯಿ ಬಿಡುತ್ತದೆ. ಬೇಸಿಗೆಯಲ್ಲಂತೂ ಹದಿನೈದು ದಿನಕ್ಕೆ ಕಹಿಯಾಗುತ್ತದೆ. ನನ್ನ ಜೊತೆ ಕೆಲಸಕ್ಕೆ ಬರುವ ಹೆಂಗಸರು "ಹಿಟ್ಟು ಚಲೋ ಇಲ್ಲರಿ" ಎಂದು ನೆಪ ಹೇಳಿದರೆ ನಾನು ಬಿಡುತ್ತಿರಲಿಲ್ಲ. "ಹಿಟ್ಟಿನ ಮ್ಯಾಲ ಯಾಕ ಹಾಕ್ತೀ? ನೋಡಿ ತರಬೇಕಾಗಿದ್ದು ನೀನು" ಎಂದು ಬಾಯಿ ಮಾಡುತ್ತಿದ್ದೆ.

ಮಗಳು ಕಲಬುರಗಿಯಲ್ಲಿ ಹೋಟೆಲಿನ ಅಡುಗೆ ಕಲಿತು, ಹೈದರಾಬಾದಿನ ಆ ಹಳೆಯ ಹೋಟೆಲಿಗೆ ಟ್ರೇನಿಯಾಗಿ ಸೇರಿದ್ದಳು. ಒಂದು ಕಾಲಕ್ಕೆ ಯಾರೋ ನವಾಬರ ಹವೇಲಿಯಂತೆ ಅದು. ಒಂದು ವರ್ಷ ಕೆಲಸ ನೋಡುತ್ತಾರೆ, ವರ್ಷದ ಕೊನೆಗೆ ಒಂದು ಪಟ್ಟಿ ಅಂಟಿಸುತ್ತಾರೆ. ಹೆಸರಿದ್ದವರು ಕಾಯಂ, ಇಲ್ಲದವರು ಪೆಟ್ಟಿಗೆ ಕಟ್ಟಬೇಕು. ಅವಳ ವರ್ಷ ಮುಗಿಯುವ ಹೊತ್ತಿಗೆ ಹೋಟೆಲಿನವರು ನಮ್ಮ ಕಡೆಯ ಊಟದ ಹಬ್ಬ ಇಟ್ಟುಕೊಂಡರು. ಊರಿನ ಕೈಯೇ ಬೇಕು ಎಂದು ದೊಡ್ಡ ಶೆಫ್ ಹೇಳಿದಾಗ ಇವಳು ಎದ್ದು ನಿಂತು, ನಮ್ಮ ಅವ್ವ ಇದ್ದಾಳೆ ಎಂದುಬಿಟ್ಟಳಂತೆ. ಹಾಗಾದರೆ ಅವರನ್ನು ಕರೆಸು, ಅವರ ಜವಾಬ್ದಾರಿಯೆಲ್ಲ ನಿನ್ನದು ಎಂದರಂತೆ ಅವರು. ಅವಳು ಫೋನಿನಲ್ಲಿ ಕುಣಿಯುತ್ತಿದ್ದಳು.

"ಅವ್ವಾ, ನಿನ್ನ ರೊಟ್ಟಿ ಒಂದು ಚಲೋ ಆತಂದ್ರ ನನ್ನ ಹೆಸರು ಪಟ್ಟ್ಯಾಗ ಬರ್ತದ. ಶೆಫ್ ಬಾಯ್ಬಿಟ್ಟು ಹೇಳ್ಯಾರ."

ಅವತ್ತೇ ನಾನು ಹಿಂಗಾರಿಯ ಬಿಳಿ ಜೋಳ ತೆಗೆದು, ಕೇರಿ, ಕಲ್ಲು ಆರಿಸಿ ಗಿರಣಿಗೆ ಒಯ್ದೆ. ಕಲ್ಲಿನ ಸಂದಿನಲ್ಲಿ ಮತ್ತೊಬ್ಬರ ಹಿಟ್ಟು ಇರಬಾರದೆಂದು ಮೊದಲ ಎರಡು ಹಿಡಿ ಬೀಸಿಸಿ ದನಕ್ಕೆ ಹಾಕಿದೆ. ಬಿಸಿಬಿಸಿ ಹಿಟ್ಟನ್ನು ಸೀರೆಯ ಮೇಲೆ ಹರವಿ ಆರಿಸಿ, ದೊಡ್ಡ ಡಬ್ಬಿಗೆ ತುಂಬಿ, ಬಾಯಿಗೆ ಬಿಳಿ ಅರಿವೆ ಕಟ್ಟಿ, ಅರಿವೆಯ ಮೇಲೆ ಕುಂಕುಮ ಹಚ್ಚಿದೆ. ನಮ್ಮ ಮನೆಯಲ್ಲಿ ನಮ್ಮವ್ವನ ಕಾಲದಿಂದ ಒಂದು ರೀತಿ ಇದೆ. ಮಗಳಿಗೆಂದು ತೆಗೆದಿಟ್ಟು ಕುಂಕುಮ ಹಚ್ಚಿದ ಕಾಳಾಗಲಿ ಹಿಟ್ಟಾಗಲಿ, ಮನೆಯವರು ಉಣ್ಣುವುದಿಲ್ಲ, ಬೇರೆಯವರಿಗೆ ಕೊಡುವುದಿಲ್ಲ, ಚೆಲ್ಲುವುದಂತೂ ದೂರದ ಮಾತು. ಅದು ಮಗಳನ್ನು ಮುಟ್ಟಲೇಬೇಕು. ನಡುವೆ ತಿರುಗಿಸಿದರೆ ಅವಳ ಪಾಲು ತಿರುಗಿಸಿದಂತೆ ಎಂದು ನಮ್ಮವ್ವ ಹೇಳುತ್ತಿದ್ದಳು.

ನಾಲ್ಕು ದಿನಕ್ಕೆ ಮಗಳ ಫೋನು ಬಂತು. ಅಡುಗೆಮನೆಯ ರಿಪೇರಿ ಮುಗಿದಿಲ್ಲ, ಹಬ್ಬ ಒಂದು ತಿಂಗಳು ಮುಂದಕ್ಕೆ ಹೋಗಿದೆ.

ಆ ತಿಂಗಳಿಡೀ ಡಬ್ಬಿ ಮೂಲೆಯಲ್ಲಿ ಕೂತಿತ್ತು. ಹೊರಗೆ ಬಿಸಿಲು ತಗಡು ಸುಡುತ್ತಿತ್ತು. ನನಗೆ ಗೊತ್ತಿರಲಿಲ್ಲವೇ? ಊರಿಗೆಲ್ಲ ಎಂಟು ದಿನದ ಪಾಠ ಹೇಳುವವಳು ನಾನು. ಹೊಸದಾಗಿ ಬೀಸಿಸಲೇ ಎಂದು ಎರಡು ಸಲ ಡಬ್ಬಿಯ ಹತ್ತಿರ ಹೋದೆ, ಕುಂಕುಮ ನೋಡಿ ವಾಪಸು ಬಂದೆ. ಮಗಳ ಕೆಲಸ ಪಟ್ಟಿಗೆ ಏರುವ ಹೊತ್ತಿನಲ್ಲಿ ಅವಳ ಪಾಲನ್ನು ನಾನೇ ತಿರುಗಿಸಬೇಕೇ? ನನ್ನ ಕೈ ಚಲೋ ಇದೆ, ಎಸರು ಇನ್ನಷ್ಟು ಬಿಸಿ ಹೊಯ್ದರಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅರಿವೆ ಬಿಚ್ಚಿ ಮೂಸಿ ಕೂಡ ನೋಡಲಿಲ್ಲ. ಮೂಸಿದರೆ ಗೊತ್ತಾಗಿಬಿಡುತ್ತಿತ್ತು, ಅದಕ್ಕೇ ಮೂಸಲಿಲ್ಲ.

ರೈಲಿನಲ್ಲಿ ಡಬ್ಬಿಯನ್ನು ಕಾಲ ನಡುವೆ ಇಟ್ಟುಕೊಂಡು ಹೋದೆ. ಹೋಟೆಲಿನ ಬಾಗಿಲಲ್ಲಿ ಜರಿ ರುಮಾಲಿನ ದರ್ಬಾನ ನನಗೆ ಬಗ್ಗಿ ಸಲಾಮು ಮಾಡಿದ. ನಾನೂ ಬಗ್ಗಿದೆ. ಅವನು ಮತ್ತೆ ಬಗ್ಗಿದ. ಒಳಗೆ ನನ್ನ ತಲೆಗಿಂತ ಎತ್ತರದ ಗಡಿಯಾರ, ಗೋಡೆಯ ತುಂಬ ಕತ್ತಿ ಹಿಡಿದವರ ಚಿತ್ರ, ಒಂದು ಮೂಲೆಯಲ್ಲಿ ಹಬ್ಬದ ಫಲಕ, ಅದರಲ್ಲಿ ನನ್ನದೇ ಫೋಟೊ, ಕೆಳಗೆ ಇಂಗ್ಲಿಷಿನಲ್ಲಿ ಏನೇನೋ ಹೊಗಳಿಕೆ. ಬಿಳಿ ಕೋಟು, ಕಪ್ಪು ಪ್ಯಾಂಟು ಹಾಕಿಕೊಂಡ ಮಗಳು ಎದುರಿಗೆ ಬಂದು ಕೈ ಮುಗಿದು, "ವೆಲ್‌ಕಮ್ ಮೇಡಂ" ಎಂದಳು. ತಬ್ಬಿಕೊಳ್ಳಲು ಎರಡೂ ಕೈ ಚಾಚಿದ್ದವಳು ಹಾಗೇ ನಿಂತೆ. ಅವಳು ನನ್ನ ಕಾಲ ಬಳಿ ಇದ್ದ ಡಬ್ಬಿ ಎತ್ತಿಕೊಂಡು ಉಗ್ರಾಣಕ್ಕೆ ಹೋದಳು.

ಕೋಣೆಯನ್ನು ಹೊಗಳುವ ತ್ರಾಣ ನನಗಿಲ್ಲ. ಸ್ನಾನದ ತೊಟ್ಟಿಗೆ ಹುಲಿಯ ಕಾಲಿದ್ದವು. ಮಂಚ ಏರಲು ಒಂದು ಮೆಟ್ಟಿಲಿತ್ತು. ಹಾಸಿಗೆಯ ಮೇಲೆ ಕೂತರೆ ಸೊಂಟದವರೆಗೆ ಇಳಿದುಹೋಗುತ್ತಿದ್ದೆ. ಹಾಸುಗಂಬಳಿ ಮುಗಿದ ಕಡೆ ಬರಿ ನೆಲದ ಮೇಲೆ ಸೆರಗು ಹಾಸಿ ಮಲಗಿದೆ.

ಮರುದಿನ ಮುಂಜಾನೆ, ಹಬ್ಬಕ್ಕೆ ಒಂದು ದಿನ ಮುಂಚೆ, ರೊಟ್ಟಿ ತೋರಿಸಲು ಕೆಳಗೆ ಕರೆದರು. ದೊಡ್ಡ ಶೆಫ್, ಅವರ ಸುತ್ತ ಹತ್ತು ಹನ್ನೆರಡು ಬಿಳಿ ಕೋಟುಗಳು, ಒಬ್ಬ ಫೋಟೊದವನು. ಶೆಫ್ ಉತ್ತರದ ಕಡೆಯವರು, ಹಿಂದಿಯಲ್ಲಿ ಮೆಲ್ಲಗೆ ಮಾತಾಡುವ ಸಭ್ಯ ಮನುಷ್ಯ, ನನ್ನನ್ನು ಅಮ್ಮಾಜಿ ಎನ್ನುತ್ತಿದ್ದರು. ಮಗಳು ಡಬ್ಬಿ ತಂದು ನನ್ನ ಪಕ್ಕದಲ್ಲಿಟ್ಟಳು. ಅರಿವೆ ಆಗಲೇ ಬಿಚ್ಚಿತ್ತು. ಡಬ್ಬಿ ಮುಟ್ಟಿದರೆ ತಣ್ಣಗೆ ಕೊರೆಯುತ್ತಿತ್ತು.

ಎಸರು ಹೊಯ್ದೆ. ಕೈ ಹಾಕಿದ ತಕ್ಷಣ ತಿಳಿಯಿತು. ಮುದ್ದೆ ಕೂಡುತ್ತಲೇ ಇಲ್ಲ, ಬೆರಳ ಸಂದಿಯಿಂದ ಉದುರುತ್ತಿದೆ. ಇನ್ನಷ್ಟು ಎಸರು, ಇನ್ನಷ್ಟು ನಾದು. ಅಂಗೈ ಬೆಂದುಹೋಯಿತು. ಬಡಿಯಲು ತೊಡಗಿದೆ. ಅಂಗೈಯಗಲ ಆಗುವುದರೊಳಗೆ ಸುತ್ತಲೂ ಬಿರಿಯಿತು. ಬೆರಳಿನಿಂದ ಕೂಡಿಸಿದೆ, ಮತ್ತೆ ಬಿರಿಯಿತು. ಎತ್ತಿ ಹಂಚಿಗೆ ಹಾಕುವಾಗ ಎರಡು ತುಂಡಾಗಿ ಒಂದು ತುಂಡು ನನ್ನ ಪಾದದ ಮೇಲೆ ಬಿತ್ತು. ಎರಡನೆಯದೂ ಹಾಗೇ. ಮೂರನೆಯದೂ. ಫೋಟೊದವನು ಕ್ಯಾಮೆರಾ ಇಳಿಸಿದ. ಯಾರೂ ನಗಲಿಲ್ಲ, ನಕ್ಕಿದ್ದರೆ ಎಷ್ಟೋ ವಾಸಿ ಇತ್ತು. ನನ್ನ ಕಣ್ಣೆದುರು ಆ ಪಟ್ಟಿಯೊಂದೇ ಇತ್ತು. ಈ ಮೂರು ರೊಟ್ಟಿಯಿಂದ ನನ್ನ ಮಗಳ ಹೆಸರು ಅಳಿಸಿ ಹೋಗಲಿದೆ.

ಶೆಫ್ ಮುಂದೆ ಬಂದು, ಏನಾಯಿತು ಅಮ್ಮಾಜಿ ಎಂದು ಕೇಳಿದರು.

ಆಗ ನಾನು ಆಡಿದ ಮಾತನ್ನು ಇವತ್ತಿಗೂ ನುಂಗಲು ಆಗಿಲ್ಲ. ನನ್ನ ಮಾನ ಒಂದು ಕಡೆ, ಮಗಳ ಕೆಲಸ ಒಂದು ಕಡೆ ಎಂದು ಅಳೆದು ನೋಡಿ ಆಡಿದ್ದಲ್ಲ. ಹನ್ನೆರಡು ಜನರ ಮುಂದೆ ಬಾಯಿಗೆ ಬಂದದ್ದನ್ನು ಆಡಿದೆ. "ಹಿಟ್ಟನ್ನು ತಣ್ಣನೆಯ ಕೋಣೆಯಲ್ಲಿ ಇಟ್ಟಿದ್ದಾರೆ, ಜಿಗಿ ಸತ್ತಿದೆ. ಹೊರಗೇ ಇಡಿ ಎಂದು ನಾನು ಹೇಳಿದ್ದೆ" ಎಂದೆ, ನನ್ನ ಮುರುಕು ಹಿಂದಿಯಲ್ಲಿ. ಹೊರಗೆ ಇಡು ಎಂದು ನಾನು ಹೇಳಿರಲೇ ಇಲ್ಲ. ಒಂದು ಮಾತೂ ಹೇಳಿರಲಿಲ್ಲ.

ಎಲ್ಲರೂ ಮಗಳ ಕಡೆ ತಿರುಗಿದರು. ಅವಳು ನನ್ನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಶೆಫ್ ಕಡೆ ತಿರುಗಿ, "ಸಾರಿ ಶೆಫ್, ನನ್ನ ತಪ್ಪು" ಎಂದಳು.

ಅಲ್ಲಿ ತಪ್ಪಾದರೆ ಕಾಗದದ ಮೇಲೆ ಬರೆದು ಸಹಿ ಹಾಕಬೇಕು. ಅವಳು ಸ್ಟೀಲಿನ ಮೇಜಿನ ಮೇಲೆ ಬಗ್ಗಿ ಬರೆದಳು. ಅತಿಥಿಯ ಹಿಟ್ಟನ್ನು ಕೇಳದೆ ಕೋಲ್ಡ್ ಸ್ಟೋರಿನಲ್ಲಿ ಇಟ್ಟೆ ಎಂದು. ಸಣ್ಣವಳಿದ್ದಾಗ ನಾನೇ ಕೈ ಹಿಡಿದು ತಿದ್ದಿಸಿದ ದುಂಡು ಅಕ್ಷರ ಇಂಗ್ಲಿಷಿನಲ್ಲೂ ಹಾಗೇ ಇತ್ತು. ಆ ಹೊತ್ತಿನಲ್ಲಿ ಒಂದು ಮಾತು ಆಡಿದ್ದರೆ ಮುಗಿಯುತ್ತಿತ್ತು. ನಾನು ಪಾದದ ಮೇಲೆ ಬಿದ್ದಿದ್ದ ಹಿಟ್ಟು ಒರೆಸಿಕೊಂಡೆ.

ಅವಳು ಮಧ್ಯಾಹ್ನದ ಊಟದ ಬಿಡುವಿನಲ್ಲಿ ಹೊರಗೆ ಹೋದಳು. ಆ ಊರಿನಲ್ಲೂ ರಸ್ತೆಯ ಬದಿಗೆ ಒಲೆ ಹೂಡಿ ಜೋಳದ ರೊಟ್ಟಿ ಮಾಡಿ ಮಾರುವ ಹೆಂಗಸರಿದ್ದಾರೆ. ಅವರನ್ನು ಕೇಳಿ, ಅವರ ಗಿರಣಿ ಹುಡುಕಿ, ಜೋಳ ಕೊಂಡು ಎದುರಿಗೇ ನಿಂತು ಬೀಸಿಸಿ, ಆಟೋದಲ್ಲಿ ತಂದಳು. ತಲೆಗೂದಲು, ಹುಬ್ಬು ಎಲ್ಲ ಬೆಳ್ಳಗಾಗಿತ್ತು. ಚೀಲ ಇನ್ನೂ ಬಿಸಿ ಇತ್ತು. "ಮೇಡಂ, ಇದು ನಡೀತದ ಏನು ನೋಡ್ರಿ" ಎಂದಳು. ನಾನು ನೋಡಿದ್ದು ಅವಳ ಮುಖ. ಅದರಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಕಾಲು ಹಿಡಿಯುತ್ತಿದ್ದೆ.

ಹಬ್ಬ ಭರ್ಜರಿಯಾಯಿತು. ಆ ಹಿಟ್ಟಿನಲ್ಲಿ ರೊಟ್ಟಿ ಹಂಚಿನ ಮೇಲೆ ಚೆಂಡಿನ ಹಾಗೆ ಉಬ್ಬಿದವು. ಅತಿಥಿಗಳು ಎದ್ದು ಬಂದು ನನ್ನ ಕೈಯ ಫೋಟೊ ತೆಗೆದರು. ಕೈಯನ್ನು, ಮುಖವನ್ನಲ್ಲ. ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ ಎಲ್ಲ ಬೆಳ್ಳಿಯ ಬಟ್ಟಲಲ್ಲಿ ಕೂತಿದ್ದವು. ಮಗಳು ಹಿಂದೆ ನಿಂತು ಎಸರು ಹಾಕಿಕೊಡುತ್ತಿದ್ದಳು. ಮರುದಿನವೂ ಅದೇ ನಡೆಯಿತು. ನಾನು ದಿನವೂ ಮೇಲೆ ಹೋಗಿ ಹುಲಿಗಾಲಿನ ತೊಟ್ಟಿಯ ಅಂಚಿಗೆ ಕೂತು ಅಳುತ್ತಿದ್ದೆ. ಕೋಣೆಯ ಫೋನಿನಲ್ಲಿ ಅಡುಗೆಮನೆಯ ಗುಂಡಿ ಒತ್ತಿದರೆ ಅವಳೇ ಎತ್ತುತ್ತಿದ್ದಳು.

"ಹೇಳ್ರಿ ಮೇಡಂ."

"ಶೆಫ್‌ಗೆ ನಾ ಹೇಳ್ತೀನಿ ಮಗಾ. ಖರೇ ಏನದ ಅದನ್ನ ಹೇಳ್ತೀನಿ."

"ಊಟ ಮ್ಯಾಲ ಕಳಿಸ್ಲಿ ಏನ್ರಿ ಮೇಡಂ?"

ಅವಳ ಪಕ್ಕದಲ್ಲಿ ಯಾರೋ ಇರುತ್ತಿದ್ದರು, ಯಾವಾಗಲೂ. ಹೇಳುತ್ತೇನೆ ಎಂದವಳು ಹೇಳಲಿಲ್ಲ. ಹಬ್ಬ ಮುಗಿಯಲಿ, ಚಲೋ ಆಗುತ್ತಿದೆ, ಶೆಫ್ ಖುಷಿಯಾಗಿದ್ದಾರೆ, ಅವರೇ ಮರೆತಾರು ಎಂದು ಒಂದೊಂದು ದಿನಕ್ಕೆ ಒಂದೊಂದು ನೆಪ. ಅದಕ್ಕೆ ಅಂಜಿಕೆ ಎಂದು ಹೆಸರು. ಬೇರೆ ಹೆಸರು ಕೊಡುವುದಿಲ್ಲ.

ಐದನೆಯ ದಿನ ಬೆಳಿಗ್ಗೆ ಪಟ್ಟಿ ಅಂಟಿಸಿದರು. ನಾನು ಬೀಳ್ಕೊಳ್ಳಲು ಅಡುಗೆಮನೆಗೆ ಇಳಿದಾಗ ಹುಡುಗ ಹುಡುಗಿಯರು ಅದರ ಮುಂದೆ ಗುಂಪಾಗಿದ್ದರು. ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗೆ ಓದಿದೆ, ಕೆಳಗಿನಿಂದ ಮೇಲೆ ಓದಿದೆ. ಅವಳ ಹೆಸರಿರಲಿಲ್ಲ. ಅವಳು ದೂರದಲ್ಲಿ ಪಾತ್ರೆ ಒರೆಸುತ್ತಿದ್ದಳು, ಒರೆಸಿದ್ದನ್ನೇ ಒರೆಸುತ್ತಿದ್ದಳು. ನೇರವಾಗಿ ಶೆಫ್ ಕೋಣೆಗೆ ನುಗ್ಗಿದೆ.

ಎಲ್ಲ ಹೇಳಿದೆ. ತಿಂಗಳ ಹಿಂದಿನ ಹಿಟ್ಟು, ಕುಂಕುಮ, ನಮ್ಮವ್ವ, ನಾನು ಹೇಳಿದ ಸುಳ್ಳು. ಹಿಂದಿ ಸಾಲದೆ ಕನ್ನಡದಲ್ಲಿ ಹೇಳಿದೆ, ಕನ್ನಡವೂ ಸಾಲದೆ ಕೈ ಮುಗಿದು ನಿಂತೆ. ಅವರು ಪೂರ್ತಿ ಕೇಳಿದರು. ಕಡತದಿಂದ ಆ ಕಾಗದ ತೆಗೆದು ಮುಂದಿಟ್ಟರು. ಅಮ್ಮಾಜಿ, ತಪ್ಪು ತನ್ನದು ಎಂದು ಅವಳೇ ಬರೆದು ಸಹಿ ಹಾಕಿದ್ದಾಳೆ, ಈಗ ಅದು ಸುಳ್ಳು ಎಂದು ನೀವು ಹೇಳುತ್ತಿದ್ದೀರಿ, ಅವಳ ಸರ್ಟಿಫಿಕೇಟಿನಲ್ಲಿ ಹಿಟ್ಟು ಕೆಡಿಸಿದವಳು ಎಂದು ಬರೆದರೆ ಬೇರೆ ಹೋಟೆಲಿನವರು ಕ್ಷಮಿಸಿಯಾರು, ಸುಳ್ಳು ಬರೆದುಕೊಟ್ಟವಳು ಎಂದು ಬರೆಯಲೇ ಎಂದು ಕೇಳಿದರು. ಕಟುವಾಗಿ ಕೇಳಲಿಲ್ಲ. ನಿಜಕ್ಕೂ ನನ್ನ ಉತ್ತರಕ್ಕೆ ಕಾದರು.

ಬೇಡ ಎಂದೆ. ಮೂರು ದಿನದ ಮೇಲೆ ಬಾಯಿಬಿಟ್ಟು ಹೇಳಿದ ಸತ್ಯವನ್ನು ನಾನೇ ಬೇಡ ಎಂದು ವಾಪಸು ತೆಗೆದುಕೊಂಡು ಬಂದೆ.

ಮೇಲೆ ಬಂದು ಚೀಲಕ್ಕೆ ಸೀರೆ ತುರುಕುತ್ತಿದ್ದಾಗ ಬಾಗಿಲು ಬಡಿದರು. ಮಗಳು. ಅತಿಥಿಯ ಸಾಮಾನು ಇಳಿಸುತ್ತೇನೆ ಎಂದು ಕೇಳಿಕೊಂಡು ಅನುಮತಿ ಪಡೆದು ಬಂದಿದ್ದಳು. ಕೈಯಲ್ಲಿ ನಮ್ಮ ಡಬ್ಬಿ. ಒಳಗೆ ಬಂದು ಬಾಗಿಲು ಹಾಕಿ, ಮೊದಲು ಮಂಚ ನೋಡಿದಳು. ಅದರ ಮೇಲಿನ ಚಾದರ ಒಂದು ಸುಕ್ಕೂ ಇಲ್ಲದೆ ಹಾಗೇ ಇತ್ತು.

"ನೆಲದ ಮ್ಯಾಲ ಮಲಗೀದಿ ಏನವ್ವಾ?"

ಅವ್ವ ಎಂದಳು. ಅವಳ ಎರಡೂ ಕೈ ಹಿಡಿದುಕೊಂಡು, "ಹಿಟ್ಟು ಹಳೇದಿತ್ತು ಮಗಾ. ನಿಂದೇನೂ ತಪ್ಪಿಲ್ಲ. ನಂಗ ಗೊತ್ತಿತ್ತು, ಗೊತ್ತಿದ್ದೂ ನಿನ್ನ ಮ್ಯಾಲ ಹಾಕಿದೆ" ಎಂದೆ.

"ನಂಗೂ ಗೊತ್ತಿತ್ತು" ಎಂದಳು ಅವಳು. "ನೀ ಬಂದ ದಿನಾನೇ ಅರಿವಿ ಬಿಚ್ಚಿದ್ದೆ. ಮುಗ್ಗು ವಾಸನಿ ಬಡೀತು. ಅದಕ್ಕೇ ಕೋಲ್ಡ್ ಸ್ಟೋರಿಗೆ ಒಯ್ದೆ, ತಂಪಿಗಾದ್ರೂ ಒಂದೀಟು ತಡೀತದೇನೋ ಅಂತ."

"ಮತ್ತ ಯಾಕ ಹೇಳಲಿಲ್ಲ? ಅವತ್ತೇ ಹೇಳಿದ್ರ ಬ್ಯಾರೆ ಬೀಸಿಸ್ತಿದ್ದೆವಲ್ಲ!" ನಾನು ಕೂಗಿಬಿಟ್ಟೆ. ಅಪರಾಧ ನನ್ನದು, ಕೂಗಾಟವೂ ನನ್ನದೇ.

ಅವಳು ಡಬ್ಬಿಯ ಮುಚ್ಚಳ ತೆಗೆದಳು. ಮಡಚಿ ಒಳಗಿಟ್ಟಿದ್ದ ಬಿಳಿ ಅರಿವೆ ತೆಗೆದು ಬಿಡಿಸಿದಳು. ನಾನು ಹಚ್ಚಿದ ಕುಂಕುಮ ಒಣಗಿ ಕಂದಾಗಿತ್ತು.

"ಹ್ಯಾಂಗ ಹೇಳ್ಲಿ ಅವ್ವಾ," ಎಂದಳು, "ಇದು ಇತ್ತಲ್ಲ."

ಅಲ್ಲಿಯವರೆಗೆ ತಡೆದುಕೊಂಡಿದ್ದವಳು ನನ್ನ ಹೆಗಲಿಗೆ ಮುಖ ಒತ್ತಿ ಅತ್ತಳು. ಶಬ್ದ ಹೊರಗೆ ಹೋಗಬಾರದೆಂದು ನನ್ನ ಸೆರಗನ್ನೇ ಕಚ್ಚಿಕೊಂಡಿದ್ದಳು. ವರ್ಷದ ಮೇಲೆ ಅವಳ ತಲೆ ಸವರಿದೆ. ಕೂದಲ ಬುಡದಲ್ಲಿ ಗಿರಣಿಯ ಹಿಟ್ಟು ಇನ್ನೂ ಇತ್ತು.

ಡಬ್ಬಿಯನ್ನು ನಾನು ವಾಪಸು ಒಯ್ಯುತ್ತೇನೆ ಎಂದೆ. ಅವಳು ಕೊಡಲಿಲ್ಲ. "ನನ್ನ ಪಾಲಿಂದು, ನನ್ನ ಕಡೆ ಇರಲಿ" ಎಂದು ಗೋಡೆಯ ಪಕ್ಕ ಸರಿಸಿದಳು. ವಸತಿ ಖಾಲಿ ಮಾಡಲು ಅವಳಿಗೆ ಎಂಟು ದಿನ ಕೊಟ್ಟಿದ್ದರು. ಊರಿಗೆ ಬಾ ಎಂದರೆ ಇಲ್ಲವೆಂದು ತಲೆಯಾಡಿಸಿ, ಬೇರೆ ಎರಡು ಕಡೆ ಕೇಳಿದ್ದೇನೆ ಎಂದಳು. ಮುಖ ತೊಳೆದು, ಕೋಟಿನ ಗುಂಡಿ ಹಾಕಿಕೊಂಡು, ನನ್ನ ಚೀಲ ಎತ್ತಿಕೊಂಡಳು.

ಜಾಲರಿ ಬಾಗಿಲಿನ ಹಳೆಯ ಲಿಫ್ಟಿನಲ್ಲಿ ಆಗಲೇ ಇಬ್ಬರು ಅತಿಥಿಗಳಿದ್ದರು. ಅವಳು ಬಾಗಿಲು ಹಿಡಿದು ನಿಂತು, "ಬರ್ರಿ ಮೇಡಂ" ಎಂದಳು. ಚೀಲದ ಭಾರಕ್ಕೆ ಅವಳ ಹೆಗಲು ಒಂದು ಕಡೆ ವಾಲಿತ್ತು. ಇಸಿದುಕೊಳ್ಳಲು ಕೈ ಚಾಚಿದೆ. ಅವಳು ಕಣ್ಣಲ್ಲೇ ಬೇಡ ಎಂದಳು, ಇನ್ನೂ ಎಂಟು ದಿನ ಅವಳು ಅಲ್ಲಿಯ ನೌಕರಿಯವಳು. ಕೈ ಹಿಂದಕ್ಕೆ ತೆಗೆದುಕೊಂಡು, ಪರರ ಮಗಳಿಗೆ ಹೇಳುವ ಹಾಗೆ ಹೇಳಿದೆ.

"ಭಾಳ ತ್ರಾಸ ಕೊಟ್ಟೆನ್ರಿ ನಿಮಗ."

"ಇರಲಿ ಬಿಡ್ರಿ ಮೇಡಂ" ಎಂದಳು ನನ್ನ ಮಗಳು.